ಮೂರು ತಟ್ಟೆ ಗದ್ದೆ

ಬಿಸ್ಕತ್ತಿನ ತಗಡಿನ ಡಬ್ಬಿ ಅದು. ಅಂಚು ತುಕ್ಕು ಹಿಡಿದಿತ್ತು. ಅಮಾಕ್ ಅದನ್ನು ಮಂಚದ ಕೆಳಗಿಂದ ಎಳೆದು ತಂದು ಚಾಪೆಯ ಮೇಲಿಟ್ಟರು. ಒಳಗೆ ಎರಡು ಹಳೇ ಫೋಟೊ, ಮದುವೆಯ ಕಾಗದ, ಒಂದು ಹಿಡಿ ಲವಂಗ. ಎಲ್ಲಕ್ಕಿಂತ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ನಾಲ್ಕಾಗಿ ಮಡಿಸಿದ ಒಂದು ಹಾಳೆ. ಮಡಿಕೆ ಇದ್ದಲ್ಲೆಲ್ಲ ಹರಿದಿತ್ತು. ಟೇಪ್ ಹಚ್ಚಿದ್ದರು. ಕೆಳಗೆ ಒಂದು ಸ್ಟಾಂಪು, ಐದಾರು ಸಹಿ, ಎರಡು ಹೆಬ್ಬೆಟ್ಟು.

"ಓದು ಮಗಾ" ಅಂದರು.

ನಾನು ಓದಿದೆ. 1994ರ ಕಾಗದ. ಮೂರು 'ಪಿರಿಯಾಂಗ್' ಗದ್ದೆ, ಹನ್ನೆರಡು 'ಅಮೆಹ್'ಗೆ ಅಡವು. ಪಿರಿಯಾಂಗ್ ಅಂದರೆ ಊಟದ ತಟ್ಟೆ. ಆ ಊರಲ್ಲಿ ಗದ್ದೆಯನ್ನು ತಟ್ಟೆಯ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಬದುವಿನೊಳಗೆ ಬರುವ ಒಂದು ಮಡಿ ಒಂದು ತಟ್ಟೆ. ಅಮೆಹ್ ಅಂದರೆ ಚಿನ್ನ. ಅಳತೆಯ ಹೆಸರೂ ಅದೇ, ಒಂದು ಅಮೆಹ್ ಎರಡೂವರೆ ಗ್ರಾಂ. ನಮ್ಮ ಕರಾವಳಿಯಲ್ಲಿ ಪವನಿನ ಲೆಕ್ಕ ಹೇಳುವ ಹಾಗೆ. ಹನ್ನೆರಡು ಅಮೆಹ್ ಅಂದರೆ ಮೂವತ್ತು ಗ್ರಾಂ.

ಇದು ಇಂಡೋನೇಷ್ಯಾದ ಪಶ್ಚಿಮ ಸುಮಾತ್ರಾದ ತನಾ ದಾತಾರ್ ಜಿಲ್ಲೆ, ಬತುಸಂಕರ್ ಪೇಟೆಯ ಹತ್ತಿರದ ಒಂದು ಹಳ್ಳಿ. 2023ರ ಜುಲೈ. ಆ ಅಡವಿನ ಗದ್ದೆಯನ್ನು ಇಪ್ಪತ್ತೊಂಬತ್ತು ವರ್ಷದ ಮೇಲೆ ಬಿಡಿಸಿಕೊಳ್ಳುವ ಕೆಲಸಕ್ಕೆ ಮನೆಯವರೆಲ್ಲ ಸೇರಿದ್ದರು. ನಾನು ಅವರ ಜೊತೆ ಹೋಗಿದ್ದೆ.

ನಾನು ಹತ್ತು ವರ್ಷದಿಂದ ಕೌಲಾಲಂಪುರದಲ್ಲಿದ್ದೇನೆ. ಅಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬರು ಈ ಪಶ್ಚಿಮ ಸುಮಾತ್ರಾದ ಮಿನಾಂಕಬಾವ್ ಜನ. ನಾನು ಅವರನ್ನು 'ಊನಿ' ಅಂತ ಕರೆಯುತ್ತೇನೆ. ಅವರ ಭಾಷೆಯಲ್ಲಿ ಅಕ್ಕ. ಊನಿಯ ತಾಯಿಯೇ ಈ ಅಮಾಕ್. ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಊನಿ ಸುಮ್ನೆ ಹೇಳಿದರು, ನಮ್ಮಲ್ಲಿ ಗದ್ದೆ ಮನೆ ಎಲ್ಲ ಹೆಣ್ಣುಮಕ್ಕಳಿಗೆ, ತಾಯಿಯಿಂದ ಮಗಳಿಗೆ, ನಿಮಗೆ ಇದು ವಿಚಿತ್ರ ಅನಿಸಬಹುದು ಅಂತ. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಾನು ಕಾರ್ಕಳದ ಕಡೆಯವಳು. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಸಂತಾನದ ಮನೆಯಲ್ಲಿ ಹುಟ್ಟಿದವಳು. ನನಗೆ ಅದು ಹೇಗೆ ವಿಚಿತ್ರ ಅನಿಸಬೇಕು? ಆ ದಿನದಿಂದ ನಾವಿಬ್ಬರೂ ಮಾತಾಡಿದ್ದೆಲ್ಲ ಇದೇ.

ಕೌಲಾಲಂಪುರದಿಂದ ಪದಾಂಗ್‌ಗೆ ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ. ಅಲ್ಲಿಂದ ಅನಾಯ್ ಕಣಿವೆಯ ರಸ್ತೆಯಲ್ಲಿ ಘಟ್ಟ ಹತ್ತಬೇಕು. ರಸ್ತೆಯ ಪಕ್ಕದಲ್ಲೇ ದೊಡ್ಡ ಜಲಪಾತ ಬೀಳುತ್ತದೆ, ಕಾರಿನ ಗಾಜಿಗೆ ಹನಿ ಸಿಡಿಯುತ್ತದೆ. ಮೇಲೆ ಹತ್ತಿದರೆ ಮರಾಪಿ ಬೆಟ್ಟ. 2,891 ಮೀಟರ್ ಎತ್ತರ, ಬದುಕಿರುವ ಜ್ವಾಲಾಮುಖಿ. ಅದರ ಸೆರಗಿನಲ್ಲೇ ಗದ್ದೆಗಳು. ಮಿನಾಂಕಬಾವ್ ಜನರ ಹಳೇ ಕಥೆಗಳ ಪ್ರಕಾರ ಅವರ ಮೊದಲ ಊರು ಪರಿಯಾಂಗನ್ ಇರುವುದೂ ಈ ಬೆಟ್ಟದ ಮೈಯಲ್ಲೇ.

ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಗದ್ದೆಗಳ ಬಣ್ಣ. ಒಂದು ಮಡಿಯಲ್ಲಿ ನೇಜಿ ನೆಡುತ್ತಿದ್ದರು. ಅದರ ಪಕ್ಕದಲ್ಲಿ ತೆನೆ ಬಾಗಿತ್ತು. ಅದರ ಕೆಳಗಿನದರಲ್ಲಿ ಕೊಯ್ಲು ಮುಗಿದು ಕೂಳೆ ನಿಂತಿತ್ತು. ಏಣೆಲು, ಸುಗ್ಗಿ, ಕೊಳಕೆ ಅಂತ ಊರಿಗೆ ಊರೇ ಒಂದೇ ಹೊತ್ತಿಗೆ ನೆಟ್ಟು ಒಂದೇ ಹೊತ್ತಿಗೆ ಕೊಯ್ಯುವುದನ್ನು ನೋಡಿ ಬೆಳೆದವಳು ನಾನು. ಇಲ್ಲಿ ಬೆಟ್ಟದ ನೀರು ವರ್ಷವಿಡೀ ಇಳಿಯುತ್ತದೆ, ಚಳಿಗಾಲ ಬೇಸಗೆ ಅಂತ ದೊಡ್ಡ ವ್ಯತ್ಯಾಸ ಇಲ್ಲ. ಹಾಗಾಗಿ ಅವರವರ ಗದ್ದೆ ಅವರವರ ಹೊತ್ತಿಗೆ. ಎರಡು ಬೆಳೆ ಖಂಡಿತ, ಕೆಲವು ಕಡೆ ವರ್ಷಕ್ಕೆ ಮೂರಕ್ಕೆ ಹತ್ತಿರ. ಅಕ್ಕಿ ಉದುರುದುರು. ಜಾವಾದವರ ಹಾಗೆ ಅಂಟುವ ಅನ್ನ ಇವರಿಗೆ ಬೇಡ. ಪಕ್ಕದ ಸೊಲೋಕ್ ಸೀಮೆಯ ಅಕ್ಕಿಗೆ ದೇಶದಲ್ಲೆಲ್ಲ ಹೆಸರು.

ಅಮಾಕ್ ಅವರ ಮನೆಯ ಅಂಗಳದಲ್ಲಿ ಎರಡು ಮನೆಗಳಿವೆ. ಒಂದು ಹಳೇ 'ರುಮಾ ಗದಾಂಗ್', ಅಂದರೆ ದೊಡ್ಡ ಮನೆ. ಮಾಡಿನ ತುದಿಗಳು ಕೋಣದ ಕೊಂಬಿನ ಹಾಗೆ ಮೇಲಕ್ಕೆ ಎದ್ದಿವೆ. ಮೊದಲು ಈಚಲಂಥ ಮರದ ಕಪ್ಪು ನಾರು ಹೊದಿಸುತ್ತಿದ್ದರಂತೆ, ಈಗ ತಗಡು. ಇನ್ನೊಂದು ಸಿಮೆಂಟಿನ ಮನೆ, ದಿನದ ಅಡುಗೆ ನಿದ್ದೆ ಎಲ್ಲ ಅಲ್ಲೇ. ದೊಡ್ಡ ಮನೆಯಲ್ಲಿ ಮುಂದೆ ಉದ್ದಕ್ಕೂ ಒಂದು ಚಾವಡಿ, ಹಿಂದೆ ಸಾಲಾಗಿ ಕೋಣೆಗಳು. ಕೋಣೆಗಳೆಲ್ಲ ಹೆಣ್ಣುಮಕ್ಕಳಿಗೆ. ಹೊಸದಾಗಿ ಮದುವೆಯಾದವಳಿಗೆ ತುದಿಯ ಕೋಣೆ. ಮದುವೆಯಾದ ಗಂಡು ರಾತ್ರಿ ಹೆಂಡತಿಯ ಮನೆಗೆ ಹೋಗುತ್ತಿದ್ದ, ಬೆಳಗ್ಗೆ ತನ್ನ ತಾಯಿಯ ಮನೆಯ ಗದ್ದೆಗೆ ಬರುತ್ತಿದ್ದ. ಗಂಡುಹುಡುಗರು ಸ್ವಲ್ಪ ದೊಡ್ಡವರಾದ ಮೇಲೆ 'ಸುರಾವ್' ಅನ್ನುವ ಪ್ರಾರ್ಥನೆಯ ಮನೆಯಲ್ಲಿ ಮಲಗುತ್ತಿದ್ದರು. ಅವರಿಗೆ ಈ ಮನೆಯಲ್ಲಿ ಕೋಣೆಯೇ ಇಲ್ಲ.

ಅಂಗಳದಲ್ಲಿ ಭತ್ತ ತುಂಬುವ 'ರಂಗ್ಕಿಯಾಂಗ್' ಒಂದು ಉಳಿದಿದೆ. ಕಂಬದ ಮೇಲೆ ನಿಂತ ಪುಟ್ಟ ಮನೆಯ ಹಾಗಿದೆ. ಹಿಂದೆ ಒಂದಲ್ಲ, ಹಲವು ಇರುತ್ತಿದ್ದವು, ಪ್ರತಿಯೊಂದಕ್ಕೂ ಹೆಸರು. ದಿನದ ಊಟದ ಭತ್ತಕ್ಕೆ ಒಂದು. ಮಾರಿ ಬೇಕಾದದ್ದು ತರುವುದಕ್ಕೆ 'ಸಮುದ್ರ ನೋಡುವವನು' ಅಂತ ಇನ್ನೊಂದು. ಬರಗಾಲಕ್ಕೆ, ಬಡವರಿಗೆ ಅಂತ 'ಹಸಿವು ತಡೆಯುವವನು'. ನಮ್ಮ ಕುಟುಂಬದ ಮನೆಯ ಅಂಗಳದಲ್ಲಿ ಕಟ್ಟುತ್ತಿದ್ದ ತುಪ್ಪೆ ನನಗೆ ನೆನಪಾಯಿತು. ಬೈಹುಲ್ಲಿನ ಹಗ್ಗ ಸುತ್ತಿ ಸುತ್ತಿ ಕಟ್ಟಿದ, ನನಗಿಂತ ಎತ್ತರದ ಭತ್ತದ ರಾಶಿ. ಅದರ ಮೇಲೆ ಹತ್ತಿದರೆ ಅಜ್ಜಿ ಬೈಯುತ್ತಿದ್ದರು.

ಗದ್ದೆ ಯಾರದ್ದು ಅಂತ ಅಮಾಕ್ ಅವರನ್ನು ಕೇಳಿದರೆ ಅವರು 'ನನ್ನದು' ಅನ್ನುವುದಿಲ್ಲ. 'ನನ್ನ ಕೈಯಲ್ಲಿದೆ' ಅನ್ನುತ್ತಾರೆ. ನಾನು ಮೂರು ನಾಲ್ಕು ಸಲ ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಪ್ರತಿಸಲವೂ ಅದೇ ಉತ್ತರ.

ಹಿರಿಯರಿಂದ ಬಂದ ಆಸ್ತಿಗೆ ಅಲ್ಲಿ 'ಪುಸಾಕೊ ತಿಂಗಿ' ಅನ್ನುತ್ತಾರೆ. ಎತ್ತರದ ಆಸ್ತಿ ಅಂತ ಅರ್ಥ. ಅದು ಒಂದೇ ಹೊಟ್ಟೆಯ ಜನಕ್ಕೆ ಸೇರಿದ್ದು. ಅವರ ಮಾತು 'ಸಪಾರುಯಿಕ್', ಪಾರುಯಿಕ್ ಅಂದರೆ ಹೊಟ್ಟೆ. ನಮ್ಮ ಒಡಹುಟ್ಟು ಅನ್ನುವ ಮಾತಿನ ಹಾಗೇ, ಅಲ್ವಾ? ಒಬ್ಬ ಮುತ್ತಜ್ಜಿಯ ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು, ಹೀಗೆ ಇಳಿದು ಬಂದವರೆಲ್ಲ ಸೇರಿ ಒಂದು ಕುಟುಂಬ. ಅದರೊಳಗೆ ಯಾವ ಹೆಣ್ಣು ಯಾವ ಗದ್ದೆ ಮಾಡಬೇಕು ಅಂತ ಹಂಚಿಕೆ ಇರುತ್ತದೆ. ಅದು ಉಣ್ಣುವುದಕ್ಕೆ ಮಾತ್ರ, ಮಾರುವುದಕ್ಕಲ್ಲ. ಮಾರಿದರೆ ಕೊಳ್ಳುವವರು ಹೆದರುತ್ತಾರೆ, ಯಾಕೆಂದರೆ ನಾಳೆ ಆ ಹೊಟ್ಟೆಯ ಯಾವ ಮೊಮ್ಮಗಳು ಬೇಕಾದರೂ ಬಂದು 'ನನ್ನನ್ನು ಕೇಳಿದಿರಾ?' ಅನ್ನಬಹುದು.

ಅವರವರು ದುಡಿದು ಗಳಿಸಿದ್ದು ಬೇರೆ, ಅದು 'ಪುಸಾಕೊ ರಂದಾ', ತಗ್ಗಿನ ಆಸ್ತಿ. ಅದಕ್ಕೆ ಇಸ್ಲಾಮಿನ ಕಾನೂನು, ಗಂಡುಮಕ್ಕಳು ಹೆಣ್ಣುಮಕ್ಕಳು ಎಲ್ಲರಿಗೂ ಪಾಲು. ಎರಡನ್ನೂ ಹೀಗೆ ಬೇರೆ ಮಾಡಬೇಕು ಅಂತ 1952ರಲ್ಲಿ ಬುಕಿತ್ತಿಂಗಿಯಲ್ಲಿ ಧರ್ಮಗುರುಗಳು, ಕುಲದ ಹಿರಿಯರು ಎಲ್ಲ ಕೂತು ಒಪ್ಪಿದರು. ಊನಿಯ ಕೌಲಾಲಂಪುರದ ಫ್ಲಾಟು ತಗ್ಗಿನದು. ಈ ಮೂರು ತಟ್ಟೆ ಎತ್ತರದ್ದು.

ಎತ್ತರದ ಆಸ್ತಿಯನ್ನು ಅಡವಿಡುವುದಕ್ಕೂ ನಾಲ್ಕೇ ಕಾರಣ. ಮನೆಯಲ್ಲಿ ಹೆಣ ಬಿದ್ದಿರಬೇಕು, ಮಣ್ಣು ಮಾಡಲು ಕಾಸಿಲ್ಲದಿರಬೇಕು. ಅಥವಾ ಬೆಳೆದ ಹೆಣ್ಣುಮಗಳಿಗೆ ಮದುವೆಯಾಗದೆ ಉಳಿದಿರಬೇಕು. ಅಥವಾ ದೊಡ್ಡ ಮನೆ ಸೋರುತ್ತಿರಬೇಕು. ಇಲ್ಲವೇ ಕುಟುಂಬದ ಹಿರಿತನದ ಪಟ್ಟ ಖಾಲಿ ಬಿದ್ದು, ಹೊಸಬರನ್ನು ಕೂರಿಸುವ ಖರ್ಚು ಬರಬೇಕು. ಈ ನಾಲ್ಕನೆಯದಕ್ಕೆ 'ನೀರಲ್ಲಿ ಮುಳುಗಿದ ಮರದ ದಿಮ್ಮಿ ಎತ್ತುವುದು' ಅನ್ನುತ್ತಾರೆ. ಅಲ್ಲಿಯ ಮಕ್ಕಳಿಗೂ ಈ ನಾಲ್ಕು ಬಾಯಿಪಾಠ.

"ಹಾಗಾದರೆ ಈ ಮೂರು ತಟ್ಟೆ ಯಾವುದಕ್ಕೆ ಹೋದದ್ದು?" ಅಂತ ಕೇಳಿದೆ.

ಅಮಾಕ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾಲ್ಕರಲ್ಲಿ ಯಾವುದೂ ಅಲ್ಲ ಮಗಾ. ತಮ್ಮ ಜಕಾರ್ತಾಕ್ಕೆ ಹೊರಟಿದ್ದ. ಬರಿಗೈಯಲ್ಲಿ ಕಳಿಸುವುದು ಹೇಗೆ?" ಅಂದರು.

ಮಿನಾಂಕಬಾವ್ ಗಂಡಸರು ಊರು ಬಿಡುವವರು. 'ಮರಂತಾವ್' ಅಂತ ಅದಕ್ಕೊಂದು ಮಾತೇ ಇದೆ, ಹೊರಗೆ ಹೋಗಿ ದುಡಿಯುವುದು ಅಂತ. ಊರಲ್ಲಿ ಗದ್ದೆ ಅಕ್ಕ ತಂಗಿಯರದ್ದು, ಹೆಂಡತಿಯ ಮನೆಯಲ್ಲಿ ಅವನು ಬಂದುಹೋಗುವವನು. ಹಾಗಾಗಿ ಹುಡುಗ ಬೆಳೆದ ಅಂದರೆ ಹೊರಡಬೇಕು. ಇಂಡೋನೇಷ್ಯಾದ ಯಾವ ಪೇಟೆಗೆ ಹೋದರೂ ಪದಾಂಗ್ ಊಟದ ಹೋಟೆಲ್ ಇರುತ್ತದೆ. ಹತ್ತು ಹನ್ನೆರಡು ತಟ್ಟೆಯನ್ನು ಒಂದೇ ತೋಳಿನ ಮೇಲೆ ಪೇರಿಸಿಕೊಂಡು ಬಂದು ಮೇಜಿನ ತುಂಬ ಇಡುತ್ತಾರೆ, ತಿಂದದ್ದಕ್ಕೆ ಮಾತ್ರ ದುಡ್ಡು. ಆ ಹೋಟೆಲುಗಳ ಹಿಂದೆ ಇಂಥವೇ ಗದ್ದೆಗಳಿವೆ. ಮುಂಬೈಯ ಬೀದಿಗಳಲ್ಲಿ ನಮ್ಮ ಬಂಟರು ನಡೆಸಿದ ಹೋಟೆಲುಗಳ ಹಿಂದೆ ಇದ್ದ ಹಾಗೆ. ನನ್ನ ದೊಡ್ಡ ಮಾವ ಹದಿನಾರನೇ ವಯಸ್ಸಿಗೆ ಮುಂಬೈಗೆ ಹೋದವರು. ಮೊದಲ ಐದು ವರ್ಷ ಮನಿಯಾರ್ಡರ್ ಬಂದದ್ದು ಹೆಂಡತಿ ಮಕ್ಕಳಿಗಲ್ಲ, ಅಜ್ಜಿಗೆ ಮತ್ತು ತಂಗಿಯರಿಗೆ.

ತಾಯಿಯ ಅಣ್ಣತಮ್ಮಂದಿರನ್ನು ಅಲ್ಲಿ 'ಮಾಮಾಕ್' ಅನ್ನುತ್ತಾರೆ. ಈ ಒಂದು ಶಬ್ದ ಕೇಳಿಯೇ ನನಗೆ ಮನೆಗೆ ಬಂದ ಹಾಗಾಗಿತ್ತು.

ಈ ಪದ್ಧತಿ ಹೇಗೆ ಬಂತು ಅಂತ ಅಮಾಕ್ ಹೇಳಿದ ಕಥೆಯನ್ನು ನಾನು ಇಲ್ಲಿ ಬರೆಯಲೇಬೇಕು. ಬಹಳ ಹಿಂದೆ ಕರಾವಳಿಯಲ್ಲಿ, ತಿಕು ಪರಿಯಾಮನ್ ಕಡೆ, ಹಿರಿಯರ ಹಡಗು ಮರಳಲ್ಲಿ ಸಿಕ್ಕಿಕೊಂಡಿತು. ಎಷ್ಟು ತಳ್ಳಿದರೂ ಕದಲಲಿಲ್ಲ. ಬಸುರಿ ಹೆಂಗಸೊಬ್ಬಳು ಹಡಗಿನಡಿ ಅಡ್ಡ ಮಲಗಿದರೆ ಮಾತ್ರ ಅದು ನೀರಿಗೆ ಇಳಿಯುತ್ತದೆ ಅಂತಾಯಿತು. ಹಿರಿಯರು ತಮ್ಮ ಮಗಳನ್ನು ಕೇಳಿದರು. ಅವಳು ಒಪ್ಪಲಿಲ್ಲ. ತಂಗಿಯ ಮಗಳು ಒಪ್ಪಿದಳು, ಮಲಗಿದಳು. ಹಡಗು ಜಾರಿ ನೀರಿಗೆ ಇಳಿಯಿತು, ಅವಳಿಗೆ ಏನೂ ಆಗಲಿಲ್ಲ. ಅಂದಿನಿಂದ ಆಸ್ತಿ ಮಕ್ಕಳಿಗಲ್ಲ, ತಂಗಿಯ ಮಕ್ಕಳಿಗೆ.

ತುಳುನಾಡಿನವರು ಇದನ್ನು ಓದುತ್ತಿದ್ದರೆ ಅವರಿಗೆ ಈಗ ಮೈ ಜುಂ ಅಂದಿರಬೇಕು. ಭೂತಾಳ ಪಾಂಡ್ಯನ ಕಥೆ ಇದೇ ತಾನೇ? ದೇವ ಪಾಂಡ್ಯನ ಹಡಗಿಗೆ ಕುಂಡೋದರ ಭೂತ ನರಬಲಿ ಕೇಳಿದ್ದು, ಹೆಂಡತಿ ತನ್ನ ಮಕ್ಕಳನ್ನು ಕೊಡಲ್ಲ ಅಂದದ್ದು, ತಂಗಿ ಸತ್ಯವತಿ ತನ್ನ ಮಗ ಜಯ ಪಾಂಡ್ಯನನ್ನು ಮುಂದೆ ಮಾಡಿದ್ದು, ಕುಂಡೋದರ ಮೆಚ್ಚಿ ಅವನನ್ನು ಬಿಟ್ಟು ರಾಜನನ್ನಾಗಿ ಮಾಡಿದ್ದು, ಅಲ್ಲಿಂದ ಅಳಿಯಕಟ್ಟು ಶುರುವಾದದ್ದು. ನನ್ನ ಅಜ್ಜಿ ಇದನ್ನು ಹೇಳುವಾಗ ಸತ್ಯವತಿಯ ಭಾಗಕ್ಕೆ ಬಂದರೆ ದನಿ ಸ್ವಲ್ಪ ಗಟ್ಟಿಯಾಗುತ್ತಿತ್ತು. ಎರಡು ಊರಿನ ನಡುವೆ ಅಷ್ಟು ದೊಡ್ಡ ಸಮುದ್ರ. ಎರಡೂ ಕಡೆ ಒಂದು ಹಡಗು, ಒಂದು ಬಲಿ, ಒಬ್ಬಳು ತಂಗಿ. ನಾನು ನಮ್ಮ ಕಥೆಯನ್ನು ಮಲಯ ಭಾಷೆಯಲ್ಲಿ ಹೇಳಿ ಮುಗಿಸಿದಾಗ ಅಮಾಕ್ ನನ್ನ ಕೈ ಹಿಡಿದುಕೊಂಡರು. ನಾವಿಬ್ಬರೂ ತುಂಬ ಹೊತ್ತು ಏನೂ ಮಾತಾಡಲಿಲ್ಲ.

ನಮ್ಮಲ್ಲಿ ಈಗ ಏನುಳಿದಿದೆ ಅಂತ ಅವರು ಕೇಳಿದರು. ಹೇಳುವುದು ಕಷ್ಟವಾಯಿತು.

1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರುಗಳಿಗೆ, ಅಂದರೆ ಕುಟುಂಬದ ಹೆಣ್ಣುಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಒಬ್ಬೊಬ್ಬರ ಪಾಲು ಅವರವರ ಹೆಂಡತಿ ಮಕ್ಕಳಿಗೆ ಹೋಗುವ ಹಾಗಾಯಿತು. 1974ರಲ್ಲಿ ಭೂಸುಧಾರಣೆ ಬಂತು. ಗೇಣಿಗೆ ಕೊಟ್ಟ ಗದ್ದೆಗಳು ಒಕ್ಕಲಿಗೆ ಹೋದವು. ಅದು ಸರಿಯೇ ಆಯಿತು ಅಂತ ನಾನು ನಂಬುತ್ತೇನೆ. ಆ ಗದ್ದೆಯ ಕೆಸರಿಗೆ ನಮ್ಮವರು ಕಾಲಿಟ್ಟದ್ದು ಕಡಿಮೆ. ಅಮಾಕ್ ಹಾಗಲ್ಲ, ಎಪ್ಪತ್ತರ ಹತ್ತಿರವಾದರೂ ಇವತ್ತಿಗೂ ಕೆಸರಲ್ಲಿ ಬಗ್ಗಿ ನೇಜಿ ನೆಡುತ್ತಾರೆ. ನಮಗೂ ಅವರಿಗೂ ಇರುವ ದೊಡ್ಡ ವ್ಯತ್ಯಾಸ ಅದು. ಸ್ವಂತಕ್ಕೆ ಉಳಿದ ನಮ್ಮ ಗದ್ದೆಗೆ ಪಾಲಿನ ದಾವೆ ಬಿತ್ತು. ಹದಿನಾಲ್ಕು ವರ್ಷ ನಡೆಯಿತು. ಕೊನೆಗೆ ಎಲ್ಲರಿಗೂ ಒಂದೊಂದು ತುಂಡು ಬಂತು, ಎಲ್ಲರೂ ಮಾರಿದರು. ಈಗ ಅಲ್ಲಿ ಗದ್ದೆಗೆ ಮಣ್ಣು ತುಂಬಿ ಅಡಿಕೆ ಸಸಿ ನೆಟ್ಟಿದ್ದಾರೆ. ಉಳಿದದ್ದು ದೈವದ ಕೋಣೆ ಒಂದೇ. ವರ್ಷಕ್ಕೊಮ್ಮೆ ನೇಮಕ್ಕೆ ಎಲ್ಲರೂ ಬರುತ್ತೇವೆ, ಮದುವೆ ಮಾತು ಬಂದರೆ 'ಬರಿ' ಯಾವುದು, ಅಂದರೆ ತಾಯಿಯ ಕಡೆಯ ಕುಲ ಯಾವುದು ಅಂತ ಕೇಳುತ್ತೇವೆ, ಅಷ್ಟೇ.

ನನ್ನ ದೊಡ್ಡಮ್ಮ 1970ರ ಸುಮಾರಿಗೆ ಗಂಡನ ಮನೆ ಬಿಟ್ಟು ಎರಡು ಮಕ್ಕಳ ಜೊತೆ ಕುಟುಂಬದ ಮನೆಗೆ ಬಂದರು. ರಾತ್ರಿ ಹೊತ್ತು, ಮಳೆ. ಅಜ್ಜಿ ಬಾಗಿಲು ತೆಗೆದು ಮಕ್ಕಳ ತಲೆ ಒರೆಸಿ ಗಂಜಿ ಬಡಿಸಿದರಂತೆ. ಯಾಕೆ ಬಂದೆ ಅಂತ ಯಾರೂ ಕೇಳಲಿಲ್ಲ. ಕೇಳುವುದೇನಿದೆ? ಅವಳದ್ದೇ ಮನೆ. ಅದೇ ದೊಡ್ಡಮ್ಮನ ಮೊಮ್ಮಗಳಿಗೆ ಕೆಲವು ವರ್ಷದ ಹಿಂದೆ ಅಂಥದ್ದೇ ದಿನ ಬಂತು. ಅವಳು ಒಂದು ಮಗು, ಒಂದು ಸೂಟ್‌ಕೇಸ್ ಹಿಡಿದು ಮಂಗಳೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಹುಡುಕಿದಳು. ಡೆಪಾಸಿಟ್ಟಿಗೆ ನಾವು ನಾಲ್ಕು ಜನ ದುಡ್ಡು ಹೊಂದಿಸಿದೆವು. ಆ ದಿನದಿಂದ ನನಗೆ ಆ ಮಾರಿದ ಗದ್ದೆಯ ಮೇಲೆ ಸಂಕಟ.

ಅಮಾಕ್ ಅವರ ದೊಡ್ಡ ಮನೆಯ ತುದಿಯ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಊನಿಯ ತಂಗಿ. ಅವಳಿಗೆ ತಲಾಖ್ ಆಗಿದೆ. ಅಲ್ಲಿ ತಲಾಖ್ ಆದರೆ ಮನೆ ಬಿಟ್ಟು ಹೋಗುವವನು ಗಂಡ.

ಇಷ್ಟೆಲ್ಲ ಹೇಳಿ ಆ ಊರಿನ ಕಷ್ಟ ಹೇಳದಿದ್ದರೆ ತಪ್ಪಾಗುತ್ತದೆ. ಗದ್ದೆ ಹೆಣ್ಣಿನ ಕೈಯಲ್ಲಿದ್ದರೂ ಹೊರಗಿನ ಕಾಗದಕ್ಕೆ ಸಹಿ ಮಾಡುವವನು ಮಾಮಾಕ್. ಕುಟುಂಬದ ಪರವಾಗಿ ಮಾತಾಡುವ ಹಿರಿಯ ಗಂಡಸು ಅವನೇ. ಒಳ್ಳೆಯವನಾದರೆ ಸರಿ. ಇಲ್ಲದಿದ್ದರೆ ಹೆಂಗಸರಿಗೆ ಗೊತ್ತಾಗುವ ಹೊತ್ತಿಗೆ ಬೆರಳು ಒತ್ತಿ ಆಗಿರುತ್ತದೆ. ಪಸಾಮಾನ್ ಕಡೆ ಹಿರಿಯರು ತಾಳೆ ಎಣ್ಣೆ ಕಂಪನಿಗಳಿಗೆ ಬಿಟ್ಟುಕೊಟ್ಟ ಊರಿನ ಜಮೀನಿಗಾಗಿ ಜನ ಇವತ್ತಿಗೂ ಹೋರಾಡುತ್ತಿದ್ದಾರೆ. ಇನ್ನು ಹಳೇ ಕಾಲದಲ್ಲಿ ಹೊರಗಿಂದ ಬಂದು ಯಾವುದೋ ಕುಲಕ್ಕೆ ಅಂಟಿಕೊಂಡವರ ಮನೆಗಳಿಗೆ ಸ್ವಂತ ಗದ್ದೆ ಕಡಿಮೆ, ಮಾತಿಗೆ ಬೆಲೆಯೂ ಕಡಿಮೆ. ಅದನ್ನು ಅಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ.

ಕಾಗದದ ಗಲಾಟೆ ಬೇರೆ. ಸರ್ಕಾರ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ ಅನ್ನುತ್ತದೆ. ಕಾಗದವಿದ್ದರೆ ಬ್ಯಾಂಕು ಸಾಲ ಕೊಡುತ್ತದೆ. ಆದರೆ ಯಾರ ಹೆಸರಲ್ಲಿ? ಒಬ್ಬರ ಹೆಸರು ಬಂದರೆ ಅವರ ಮಕ್ಕಳು ನಾಳೆ ನಮ್ಮ ಅಪ್ಪನ ಆಸ್ತಿ ಅನ್ನಬಹುದು. ಹಾಗಾಗಿ ಮಾಮಾಕ್ ಹೆಸರಿನ ಜೊತೆ ಕುಟುಂಬದವರ ಹೆಸರೂ ಸೇರಿಸುತ್ತಾರೆ. ಅದಕ್ಕೆ 'ರಂಜಿ' ಬೇಕು, ಮುತ್ತಜ್ಜಿಯಿಂದ ಇಳಿದು ಬಂದ ವಂಶವೃಕ್ಷ. ಅಮಾಕ್ ಮನೆಯ ಗೋಡೆಯಲ್ಲಿ ಅದಕ್ಕೆ ಗಾಜು ಹಾಕಿಸಿ ತೂಗುಹಾಕಿದ್ದಾರೆ. ಹೆಂಗಸರ ಹೆಸರಿನಿಂದ ಕೆಳಗೆ ಗೆರೆ ಎಳೆದಿದೆ. ಗಂಡಸರ ಹೆಸರಿನ ಕೆಳಗೆ ಗೆರೆ ಇಲ್ಲ, ಅಲ್ಲಿಗೆ ನಿಲ್ಲುತ್ತದೆ. ಜಕಾರ್ತಾದ ಮಾಮಾಕ್ ಹೆಸರಿನ ಕೆಳಗೂ ಏನೂ ಇಲ್ಲ. ಅವರಿಗೆ ಒಬ್ಬ ಮಗನಿದ್ದಾನೆ. ತಾಯಿ ಜಾವಾದವರು, ಹಾಗಾಗಿ ಆ ಹುಡುಗನಿಗೆ ಇಲ್ಲಿ ಕುಲವೇ ಇಲ್ಲ.

ಆ ಮಗ ಅಪ್ಪನ ಜೊತೆ ಬಂದಿದ್ದ. ಇಪ್ಪತ್ತೆರಡು ವರ್ಷ ಇರಬಹುದು. ಕುತ್ತಿಗೆಯಲ್ಲಿ ಹೆಡ್‌ಫೋನ್, ಕೈಯಲ್ಲಿ ಫೋನ್. ಎಲ್ಲರ ಮಾತಿಗೂ ನಗುತ್ತಿದ್ದ. ಮಿನಾಂಕಬಾವ್ ಮಾತು ಅವನಿಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ.

ಅಡವಿನ ವಿಷಯದಲ್ಲಿ ನನ್ನನ್ನು ತುಂಬ ಕಾಡಿದ್ದು ಒಂದಿದೆ. ಇಷ್ಟು ವರ್ಷ ಆ ಮೂರು ತಟ್ಟೆಯಲ್ಲಿ ಗೆಯ್ದವರು ಯಾರು? ಅಮಾಕ್ ಅವರೇ. ಅಡವು ಹಿಡಿದವರು ಅದೇ ಊರಿನ ಇನ್ನೊಂದು ಕುಲದ ಹೆಂಗಸು. ಅವರು ಗದ್ದೆಯನ್ನು ಇವರಿಗೇ ಅರ್ಧ ಪಾಲಿಗೆ ಮಾಡಲು ಬಿಟ್ಟರು. ಇದು ಅಲ್ಲಿ ಮಾಮೂಲು. ಇಪ್ಪತ್ತೊಂಬತ್ತು ವರ್ಷ, ಪ್ರತಿ ಬೆಳೆಗೂ, ತಮ್ಮದೇ ಗದ್ದೆಯ ಅರ್ಧ ಭತ್ತವನ್ನು ಹೊತ್ತು ಅವರ ಮನೆಗೆ ಹಾಕಿದ್ದಾರೆ. ಅದರ ಮೇಲೂ ಅಸಲು ಚಿನ್ನ ಒಂದು ಗ್ರಾಂ ಇಳಿದಿಲ್ಲ.

ಇದು ಅನ್ಯಾಯ ಅಂತ ಇಂಡೋನೇಷ್ಯಾ ಸರ್ಕಾರಕ್ಕೂ ಕಂಡಿತ್ತು. 1960ರ 56ನೇ ಕಾನೂನಿನ 7ನೇ ಕಲಮಿನ ಪ್ರಕಾರ, ಏಳು ವರ್ಷ ಅಡವಿನಲ್ಲಿದ್ದ ಗದ್ದೆಯನ್ನು ಒಂದು ಪೈಸೆಯೂ ಇಲ್ಲದೆ ವಾಪಸ್ ಕೊಡಬೇಕು. ಅಷ್ಟು ಹೊತ್ತಿಗೆ ಹಿಡಿದವರಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ಬಂದಿರುತ್ತದೆ ಅನ್ನುವುದೇ ಅದರ ಲೆಕ್ಕ. ಅಮಾಕ್ ಅವರಿಗೆ ಈ ಕಾನೂನು ಗೊತ್ತು. ಊರಿಗೆಲ್ಲ ಗೊತ್ತು. ಕೇಳುವವರಿಲ್ಲ.

"ಹಾಗೆ ತಗೊಂಡರೆ ನಾಳೆ ಅವರ ಮುಖ ನೋಡುವುದು ಹೇಗೆ?" ಅಂದರು. "ನಮ್ಮಿಬ್ಬರ ಗದ್ದೆಗೆ ಬರುವುದು ಒಂದೇ ಕಾಲುವೆಯ ನೀರು. ಅವತ್ತು ಅವರು ಚಿನ್ನ ಕೊಡದಿದ್ದರೆ ತಮ್ಮ ಹೋಗುತ್ತಿರಲಿಲ್ಲ."

ನಾನು ಒಪ್ಪಲಿಲ್ಲ. ಈಗಲೂ ಪೂರ್ತಿ ಒಪ್ಪುವುದಿಲ್ಲ. ಅವರ ಬೆನ್ನು ನೋಡಿದ್ದೇನೆ, ನೆಟ್ಟಗೆ ನಿಲ್ಲುವುದಿಲ್ಲ ಅದು. ಅರ್ಧ ಭತ್ತ ಮನೆಯಲ್ಲೇ ಉಳಿದಿದ್ದರೆ ಇಬ್ಬರು ಹೆಣ್ಣುಮಕ್ಕಳ ಓದು ಎಷ್ಟು ಸುಲಭವಾಗುತ್ತಿತ್ತು. ಆದರೆ ಚಿನ್ನದ ಲೆಕ್ಕ ಯಾಕೆ ಅನ್ನುವುದು ಮಾತ್ರ ನನಗೆ ಅರ್ಥವಾಯಿತು. 1997-98ರಲ್ಲಿ ಡಾಲರಿಗೆ ಎರಡೂವರೆ ಸಾವಿರದ ಹತ್ತಿರವಿದ್ದ ಅಲ್ಲಿಯ ದುಡ್ಡು ರುಪಿಯಾ ಹದಿನಾರು ಸಾವಿರ ದಾಟಿತು. ಕಾಗದದಲ್ಲಿ ರುಪಿಯಾ ಬರೆದಿದ್ದರೆ ಆ ವರ್ಷ ಗದ್ದೆಯನ್ನು ಒಂದು ಜೋಡಿ ಚಪ್ಪಲಿಯ ಬೆಲೆಗೆ ಬಿಡಿಸಬಹುದಿತ್ತೇನೋ, ಕೊಟ್ಟವರು ಮುಳುಗುತ್ತಿದ್ದರು. ಅಮೆಹ್ ಬರೆದದ್ದರಿಂದ ಅವರು ಉಳಿದರು. ಬಿಡಿಸುವವರಿಗೆ ಮಾತ್ರ ಭಾರ ಹೆಚ್ಚುತ್ತಲೇ ಹೋಯಿತು. 2023ರಲ್ಲಿ ಮೂವತ್ತು ಗ್ರಾಂಗೆ ಸುಮಾರು ಮೂರು ಕೋಟಿ ರುಪಿಯಾ, ನಮ್ಮ ಒಂದೂವರೆ ಲಕ್ಷದ ಮೇಲೆ.

ಆ ದುಡ್ಡು ತಂದವರು ಮಾಮಾಕ್. ಜಕಾರ್ತಾದ ತನಾ ಅಬಾಂಗ್ ಮಾರ್ಕೆಟ್ಟಿನಲ್ಲಿ ಅವರದ್ದೊಂದು ಬಟ್ಟೆ ಅಂಗಡಿ. ಕೊರೋನಾದಲ್ಲಿ ನೆಲ ಕಚ್ಚಿ ಆಗಷ್ಟೇ ಎದ್ದಿತ್ತು. ಗದ್ದೆ ಬಿಡಿಸಿದರೆ ಅದು ಅಕ್ಕನಿಗೆ, ಅಕ್ಕನ ನಂತರ ಊನಿಗೆ ಮತ್ತು ಅವಳ ತಂಗಿಗೆ. ಮಾಮಾಕ್‌ಗೆ ಒಂದು ಗೇಣೂ ಇಲ್ಲ. ಅವರ ಮಗನಿಗೆ ಮೊದಲೇ ಇಲ್ಲ. 'ಮಗುವನ್ನು ಮಡಿಲಲ್ಲಿಟ್ಟುಕೋ, ಸೋದರಳಿಯನ ಕೈ ಹಿಡಿದು ನಡೆಸು' ಅಂತ ಅವರಲ್ಲೊಂದು ಹಾಡಿನ ಮಾತಿದೆ. ಎರಡೂ ಮಾಡಬೇಕು. ಎರಡಕ್ಕೂ ಒಬ್ಬನೇ ದುಡಿಯಬೇಕು.

ಬಿಡಿಸುವ ಶಾಸ್ತ್ರ ಅಡವು ಹಿಡಿದವರ ಮನೆಯಲ್ಲಿ. ಗದ್ದೆಯಲ್ಲಿ ಬೆಳೆ ನಿಂತಿರುವಾಗ ಬಿಡಿಸುವ ಹಾಗಿಲ್ಲ, ಹಿಂದಿನ ವಾರವಷ್ಟೇ ಕೊಯ್ಲು ಮುಗಿದಿತ್ತು. ನಾವು ಹನ್ನೊಂದು ಜನ ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆದೆವು. ಮುಂದೆ ಊನಿಯ ತಂಗಿ, ಕೈಯಲ್ಲಿ ಹಿತ್ತಾಳೆಯ 'ಚರಾನೊ'. ಅದರಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣ, ಮೇಲೆ ಚಿನ್ನದ ಜರಿಯ ಬಟ್ಟೆ. ಚಾವಡಿಯಲ್ಲಿ ಗಂಡಸರು ಒಂದು ಸಾಲು, ಹೆಂಗಸರು ಒಂದು ಸಾಲು ಕೂತರು. ವೀಳ್ಯ ಮುಟ್ಟಿಯಾದ ಮೇಲೆಯೇ ಮಾತು. ಅದೂ ನೇರವಾಗಿ ಅಲ್ಲ. ಮಳೆ, ಕಾಲುವೆ, ಯಾರದೋ ಮದುವೆ ಎಲ್ಲ ಆಗಿ ಅರ್ಧ ಗಂಟೆಯ ಮೇಲೆ ಎರಡೂ ಕಡೆಯ ಹಿರಿಯರು ಗದ್ದೆಯ ಹೆಸರೆತ್ತಿದರು.

ಚಿನ್ನ ನಾಣ್ಯವಾಗಿಯೇ ಇತ್ತು. ಮಾಮಾಕ್ ಕರವಸ್ತ್ರ ಬಿಚ್ಚಿದರು. ಅಡವು ಹಿಡಿದಿದ್ದ ಅಜ್ಜಿ ಒಂದೊಂದನ್ನೂ ಅಂಗೈಯಲ್ಲಿಟ್ಟು ನೋಡಿದರು. ಅವರಿಗೆ ಕಣ್ಣು ಸರಿ ಕಾಣುವುದಿಲ್ಲ, ಮೊಮ್ಮಗಳು ಎಣಿಸಿ ಹೇಳಿದಳು. ಆಮೇಲೆ ಆ ಅಜ್ಜಿ ತಮ್ಮ ಕಡೆಯ ಕಾಗದ ಅಮಾಕ್ ಕೈಗೆ ಕೊಟ್ಟರು. ಇಬ್ಬರೂ ಅತ್ತರು. ಇಪ್ಪತ್ತೊಂಬತ್ತು ವರ್ಷ ಬೆಳೆಬೆಳೆಗೂ ಭತ್ತ ತಂದು ಹಾಕುತ್ತಿದ್ದ ಅಂಗಳ ಅದು, ಇನ್ನು ಆ ನೆಪ ಇಲ್ಲ. ಎರಡೂ ಕಾಗದ ಹರಿದು ಹಾಕುತ್ತಾರೆ ಅಂದುಕೊಂಡಿದ್ದೆ. ಅಮಾಕ್ ಮಡಿಸಿ ಡಬ್ಬಿಗೇ ಹಾಕಿದರು.

ಹಿಂದೆ ಬರುವಾಗ ಮಾಮಾಕ್ ಆ ಮೂರು ತಟ್ಟೆಯ ಬದುವಿನ ಮೇಲೆ ಚಪ್ಪಲಿ ಬಿಟ್ಟು ನಿಂತರು. ಮಗ ಫೋಟೊ ತೆಗೆದ. "ಇದು ನಮ್ಮದಾ ಅಪ್ಪಾ?" ಅಂ‍ತ ಕೇಳಿದ. ಮಾಮಾಕ್, "ನಿನ್ನ ಅತ್ತೆಯದ್ದು" ಅಂದರು. ಮಾರನೆಯ ದಿನ ಜಕಾರ್ತಾಕ್ಕೆ ಹೊರಟ ಬಸ್ಸಿನ ಹೊಟ್ಟೆಗೆ ಅಮಾಕ್ ಇಪ್ಪತ್ತು ಕಿಲೋ ಅಕ್ಕಿಯ ಚೀಲ ಹಾಕಿಸಿದರು.

ಅದೇ ವರ್ಷ ಡಿಸೆಂಬರ್ 3ರಂದು ಮರಾಪಿ ಸಿಡಿಯಿತು. ಬೆಟ್ಟ ಹತ್ತಲು ಹೋಗಿದ್ದ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬೂದಿ, ಕಲ್ಲು ಎಲ್ಲ ಬೆಟ್ಟದ ಮೇಲೆಯೇ ಕೂತಿತ್ತು. 2024ರ ಮೇ 11ರ ರಾತ್ರಿಯ ಮಳೆಗೆ ಅದೆಲ್ಲ ಹೊಳೆಯಲ್ಲಿ ಇಳಿದು ಬಂತು. ಅರವತ್ತಕ್ಕೂ ಹೆಚ್ಚು ಜೀವ ಹೋಯಿತು. ಅನಾಯ್ ಕಣಿವೆಯ ರಸ್ತೆ ಕೊಚ್ಚಿಹೋಯಿತು. ಊನಿಗೆ ಎರಡು ದಿನ ಮನೆಯವರ ಫೋನ್ ಸಿಗಲಿಲ್ಲ. ಆಫೀಸಿನಲ್ಲಿ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಮೂರನೇ ದಿನ ಫೋನ್ ಬಂತು, ಎಲ್ಲರೂ ಇದ್ದಾರೆ, ದೊಡ್ಡ ಮನೆಯೂ ಇದೆ. ಮೂರು ತಟ್ಟೆಯಲ್ಲಿ ಎರಡರ ಮೇಲೆ ಮೊಣಕಾಲೆತ್ತರ ಮರಳು ಕಲ್ಲು.

ಆ ಸಲ ಚಿನ್ನ ಕಳಿಸುವ ಶಕ್ತಿ ಮಾಮಾಕ್‌ಗೆ ಇರಲಿಲ್ಲ. ಮಗನನ್ನು ಕಳಿಸಿದರು. ಅವನು ಒಂದು ತಿಂಗಳು ಅಲ್ಲಿದ್ದ.

ಊನಿ ನನಗೊಂದು ವಿಡಿಯೊ ತೋರಿಸಿದರು, ಅವರ ತಂಗಿ ತೆಗೆದದ್ದು. ಬೂದು ಬಣ್ಣದ ಬಯಲು, ಬದು ಇಲ್ಲ, ಕಾಲುವೆ ಇಲ್ಲ. ಹತ್ತು ಹನ್ನೆರಡು ಜನ ಬುಟ್ಟಿಯಲ್ಲಿ ಕಲ್ಲು ಹೊರುತ್ತಿದ್ದಾರೆ. ಹುಡುಗ ಪ್ಯಾಂಟು ಮಡಚಿ ಗುದ್ದಲಿ ಹಿಡಿದು ಬದು ಏರಿಸುತ್ತಿದ್ದಾನೆ. ಕುತ್ತಿಗೆಯಲ್ಲಿ ಹೆಡ್‌ಫೋನ್ ಇಲ್ಲ. ಅಮಾಕ್ ಕೋಲೂರಿ ಒಂದು ಕಲ್ಲಿನ ಮೇಲೆ ಕೂತಿದ್ದಾರೆ. ಅವರ ಪಕ್ಕದಲ್ಲಿ ಅಡವು ಹಿಡಿದಿದ್ದ ಆ ಅಜ್ಜಿಯೂ ಕೂತಿದ್ದಾರೆ. ಕಣ್ಣು ಕಾಣದಿದ್ದರೂ ಬಂದಿದ್ದಾರೆ.

"ಅಲ್ಲಲ್ಲ, ಅದು ಅವರದ್ದಾಯಿತು" ಅಂತ ಅಮಾಕ್ ದನಿ ಕೇಳುತ್ತದೆ. "ಇನ್ನೂ ಎಡಕ್ಕೆ ಬಾ. ಆ ಪೇರಲೆ ಬುಡ ಕಾಣ್ತಾ? ಅಲ್ಲಿಂದ ನೆಟ್ಟಗೆ. ಹಾಂ, ಅಲ್ಲಿ ಅಗೆ. ನಮ್ಮ ಬದು ಅಲ್ಲಿದೆ."

ಹುಡುಗ ಎಡಕ್ಕೆ ಸರಿದು ಅಗೆಯುತ್ತಾನೆ. ಒಂದು ಮೊಳ ಮರಳು ಹೋದ ಮೇಲೆ ಕಪ್ಪು ಜೇಡಿ ಮಣ್ಣು ಕಾಣುತ್ತದೆ. ಅವನು ಗುದ್ದಲಿ ಬಿಟ್ಟು, ಬಗ್ಗಿ, ಕೈಯಿಂದ ಅದನ್ನು ಸವರಿ ನೋಡುತ್ತಾನೆ.